ರಕ್ತ ಹೀರುವ ಅಳಿಯ

ಇಂಗ್ಲಿಷಿನ ಒಂದು ರಕ್ತಪಿಶಾಚಿ ಪ್ರೇಮಕಥೆಯ ನಾಲ್ಕೂ ಭಾಗದ ಕಾದಂಬರಿಗಳನ್ನು ಲುಬೋವ ಒಂದೇ ಮಧ್ಯಾಹ್ನ, ಒಂದೇ ಉಸಿರಿನಲ್ಲಿ ಓದಿ ಬಿಸಾಕಿದ್ದನಂತೆ. ಮುಂದೇನು ಬರೆಯಲಿ ಎಂದು ಬರೆದವರೇ ಅವನಿಗೆ ಫೋನ್ ಮಾಡುತ್ತಿದ್ದರಂತೆ! ಉಗಾಂಡದ ಕಂಪಾಲಾ ಊರಿನ ಒಂದು ತಗಡಿನ ವಿಡಿಯೊ ಹಾಲಿನಲ್ಲಿ, ಸಿನಿಮಾ ಓಡುತ್ತಿದ್ದಂತೆಯೇ ಮೈಕು ಹಿಡಿದು ಪಾತ್ರಗಳಿಗೆಲ್ಲ ಅಲ್ಲಿನ ಲುಗಾಂಡ ಭಾಷೆಯಲ್ಲಿ ಮಾತು ಕೊಡುವುದು ಅವನ ಕಸುಬು. "ತಪ್ಪು ಹಿಡಿದವರಿಗೆ ಈ ಮೈಕೇ ಬಿಟ್ಕೊಡ್ತೀನಿ" ಎಂಬ ಪಂಥ ಬೇರೆ.

ಅಂದು ಓಡುತ್ತಿದ್ದುದು ಆ ಕಾದಂಬರಿಗಳದೇ ಸಿನಿಮಾ. ತೆರೆಯ ಮೇಲೆ ಪಿಶಾಚಿ ಹುಡುಗ ತನ್ನವಳ ಕೈ ಹಿಡಿದು ಹೊರಟ. ಲುಬೋವ ಹುಡುಗನ ದನಿಯಾಗಿ ಗದ್ಗದಿತನಾದ: "ಹೆದರ್ಬೇಡ ಕಣೇ! ನಾಳೆ ನಿನ್ನ ಸೋದರತ್ತೆ ಕೈಲಿ ಹೇಳಿಸಿ, ತೆರಕ್ಕೆ ಹತ್ತು ಹಸು ಹೊಡ್ಕೊಂಡು ನಿಮ್ಮಪ್ಪನ ಮನೆಗೆ ಬರ್ತೀನಿ."

ಹಾಲಿಗೆ ಹಾಲೇ ಶಿಳ್ಳೆ ಹೊಡೆಯಿತು. ಮುಂದಿನ ಬೆಂಚಿನಿಂದ ಟೀಚರ್ ನಮುಟೆಬಿ ಎದ್ದಳು. ಅವಳ ಕೈಯಲ್ಲಿ ಆ ಕಾದಂಬರಿಗಳಲ್ಲೇ ಒಂದು, ಓದಿ ಓದಿ ರಟ್ಟು ಕಿತ್ತುಬಂದದ್ದು, ಇತ್ತು.

"ಅಯ್ಯಾ ಲುಬೋವ, ಈ ಹುಡುಗಿಗೆ ಸೋದರತ್ತೆ ಯಾವ ಪುಟದಲ್ಲಿದ್ದಾಳೆ?"

"ಮೂರನೇ ಭಾಗದಲ್ಲಿ, ಟೀಚರ್..."

"ಇದು ಮೂರನೇದೇ. ತೋರ್ಸಪ್ಪ."

ಲುಬೋವ ಮೆಲ್ಲಗೆ ಮೈಕನ್ನು ಅವಳತ್ತ ಚಾಚಿದ. ಅದನ್ನು ಆರಿಸಲು ಮರೆತಿದ್ದರಿಂದ ಅವನು ಪಿಸುಗುಟ್ಟಿದ್ದು ಬೀದಿಗೆಲ್ಲ ಕೇಳಿಸಿತು: "ಒಂದಕ್ಷರಾನೂ ಓದಿಲ್ಲ ಟೀಚರ್, ನಂಗೆ ಇಂಗ್ಲಿಷೇ ಬರಲ್ಲ. ಹುಡುಗ ಒಳ್ಳೆಯವನು ಅನ್ನಿಸ್ತು. ಸೋದರತ್ತೇನ ಮುಂದಿಟ್ಟು ಹೆಣ್ಣು ಕೇಳದೇನೇ ಕರ್ಕೊಂಡ್ಹೋದ ಅಂತ ನಮ್ಮ ಜನ ಬೈದಾರು ಅಂತ, ಅತ್ತೇನ ನಾನೇ ಹುಟ್ಟಿಸ್ದೆ."