ಹಗಲು ಪಾಳಿ, ರಾತ್ರಿ ಪಾಳಿ

ಬಿಳಿಗೆರೆಯ ಬೆಟ್ಟಸ್ವಾಮಿಯವರ ಬಾಳೆತೋಟದಲ್ಲಿ ಹನಿ ನೀರಾವರಿಯ ಪೈಪು ದಿನಕ್ಕೊಂದು ಕಡೆ ತೂತಾಗುತ್ತಿತ್ತು. ಕಡಿಯುವವರು ಯಾರೆಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ಬದುವಿನಲ್ಲಿ ಬಿಲ ತೋಡಿಕೊಂಡು, ಹಗಲೆಲ್ಲ ಒಳಗೆ ಬಿದ್ದಿದ್ದು, ಕತ್ತಲಾದ ಮೇಲೆ ಮೂತಿ ಹೊರಗೆ ಹಾಕುವ ಹೆಗ್ಗಣವಲ್ಲದೆ ಇನ್ನಾರು? ಅಳಿಲಿನ ಮಾತೇ ಬೇರೆ. ಅದು ಎಲ್ಲರ ಕಣ್ಣೆದುರೇ ಓಡಾಡಿಕೊಂಡು, ತೆಂಗಿನ ನಾರು ಹೊತ್ತು ಗೂಡು ಕಟ್ಟಿ, ಮಾನವಾಗಿ ಮರಿ ಸಾಕುವ ಜೀವ. ಬೆನ್ನ ಮೇಲೆ ರಾಮ ಸವರಿದ ಗೆರೆ ಬೇರೆ. ಶಿವಭಕ್ತರಾದ ಬೆಟ್ಟಸ್ವಾಮಿ ಈ ಒಂದು ವಿಷಯದಲ್ಲಿ ರಾಮನ ಮಾತನ್ನು ತೆಗೆದುಹಾಕುತ್ತಿರಲಿಲ್ಲ. ತಮ್ಮ ಪಾಲಿನ ಕಡಲೆಕಾಯಿಯಲ್ಲಿ ಅಳಿಲಿಗೊಂದಿಷ್ಟು ಹಾಕಿಯೇ ತಿನ್ನುತ್ತಿದ್ದರು.

ಬೋನು ಇಟ್ಟರು, ಹೆಗ್ಗಣ ಬಿತ್ತು. ಸಂಜೆ ಬೋನಿನ ಸಮೇತ ನಾಲೆಯಲ್ಲಿ ಮುಳುಗಿಸುವುದಾಗಿ ಸಾರಿ ಬೇವಿನ ಮರದಡಿ ಅಡ್ಡಾದರು.

ಬಿಸಿಲಲ್ಲಿ ಏದುಸಿರು ಬಿಡುತ್ತಿದ್ದ ಹೆಗ್ಗಣವನ್ನು ನೋಡಲಾರದೆ ಅವರ ಹೆಂಡತಿ ರುದ್ರಮ್ಮ ಬೋನನ್ನು ನೆರಳಿಗೆ ಎಳೆದರು. ಆಗಲೇ ಕಟಕಟ ಸದ್ದು ಕೇಳಿತು. ಅಳಿಲು ಪೈಪನ್ನು ತಬ್ಬಿಕೊಂಡು ಕಡಿಯುತ್ತಿತ್ತು. ನೀರು ಚಿಮ್ಮಿತು. ಕುಡಿದು ಮೀಸೆ ಒರೆಸಿಕೊಂಡಿತು. ರುದ್ರಮ್ಮ ಗಂಡನನ್ನು ಮೆಲ್ಲಗೆ ತಟ್ಟಿ ಎಬ್ಬಿಸಿ ತೋರಿಸಿದರು.

"ಸೋರ್ತದಾ ಅಂತ ನೋಡಕ್ ಬಂದದೆ ಕಣಮ್ಮಿ."

ಅವರ ಮಾತು ಮುಗಿಯುವುದರೊಳಗೆ ಅಳಿಲು ಒಂದು ಗೇಣು ಮುಂದೆ ಸರಿದು ಇನ್ನೊಂದು ತೂತು ಮಾಡಿತು.

"ಪಾಪ, ಬಾಯಾರ್ಕೆ," ಎಂದರು ಬೆಟ್ಟಸ್ವಾಮಿ.

ರುದ್ರಮ್ಮ ಬೋನಿನ ಕಡೆ ನೋಡಿದರು. ನಂಜನಗೂಡಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ ಕಾಲದಲ್ಲಿ ಗಂಡ ಬೆಳಗ್ಗೆ ಬೆಳಗ್ಗೆ ಹೇಳುತ್ತಿದ್ದ ಅಳಲು ಅವರಿಗೆ ಬಾಯಿಪಾಠವಾಗಿತ್ತು.

"ಅಗ್ಲು ಶಿಫ್ಟ್‌ನೋರು ಮುರ್ದಿದ್ದೆಲ್ಲ ನೈಟ್ ಶಿಫ್ಟ್‌ನೋರ ತಲೆಗೇ ಕಟ್ತಾರೆ ಅಂತಿದ್ರಲ್ಲ ನೀವು."

ಬೆಟ್ಟಸ್ವಾಮಿ ಎದ್ದು ಹೋಗಿ ಬೋನಿನೊಳಗೆ ಬಗ್ಗಿ ನೋಡಿದರು. ಆಮೇಲೆ, ಬದು ತೋಡುವುದಂತೂ ಇದೇ, ಇಲ್ಲಿ ಇರಕೂಡದು, ದೂರ ಬಿಟ್ಟುಬರುತ್ತೇನೆ ಎಂದರು. ದೂರವೆಂದರೆ ಟಿ. ನರಸೀಪುರ, ಭಾವಮೈದ ಗುರುಪ್ರಸಾದನ ಗದ್ದೆ. ಭಾವಮೈದನ ಮೇಲೆ ಅವರಿಗೆ ಎಂದೂ ಅಷ್ಟೇನೂ ಪ್ರೀತಿ ಇರಲಿಲ್ಲ. ತವರಿನ ವಿಷಯವಾದರೂ ರುದ್ರಮ್ಮ ಈ ಸಲ ಸುಮ್ಮನಿದ್ದರು. ಚಿಪ್ಪಿನಲ್ಲಿ ನೀರು ತುಂಬಿ ಪೈಪಿನ ಪಕ್ಕ ಇಟ್ಟರು. ಅಳಿಲು ಬಂದು ಮೂಸಿ ನೋಡಿ, ಮತ್ತೆ ಪೈಪಿಗೇ ಬಾಯಿ ಹಾಕಿತು.

ಬೆಟ್ಟಸ್ವಾಮಿ ಅದನ್ನು ನೋಡಿಯೂ ನೋಡದಂತೆ ಬೋನನ್ನು ಮೊಪೆಡ್ಡಿಗೆ ಬಿಗಿದರು. ತಲೆಗೆ ಸುತ್ತಿದ್ದ ಟವೆಲ್ಲನ್ನು ಬಿಚ್ಚಿ, ನೆನೆಸಿ, ಬೆಳಕು ಬೀಳದಂತೆ ಬೋನಿಗೆ ಹೊದಿಸಿದರು.

"ನಿದ್ದೆ ಮಾಡೋ ಒತ್ತು ಇದ್ಕೆ," ಎಂದು ಗೊಣಗಿ ಬರಿತಲೆಯಲ್ಲಿ ಬಿಸಿಲಿಗೆ ಹೊರಟರು.