ಇಲ್ಲದ ಸೆಳವು

"ಏನಪ್ಪಾ, ಕೊರಳಾಗೆ ಅದೇನು ಬಿಲ್ಲೆ?" ಎಂದು ಪಕ್ಕದ ಸೀಟಿನ ಅಜ್ಜಿ ಕೇಳಿದಾಗಲೇ ಪದಕ ಇನ್ನೂ ಕೊರಳಲ್ಲೇ ಇದೆಯೆಂದು ಕಲ್ಲೇಶನಿಗೆ ನೆನಪಾದದ್ದು. ಬಸ್ಸು ಆಗಷ್ಟೇ ಸವಳಂಗ ಬಿಟ್ಟಿತ್ತು. ಅಲ್ಲಿ ಹತ್ತಿದ ಅಜ್ಜಿ ಅವರೆಕಾಯಿಯ ಚೀಲವನ್ನು ಅರ್ಧ ಅವನ ಪಾದದ ಮೇಲೆಯೇ ಇಟ್ಟು, ತನ್ನ ಹೆಸರು ಭೀಮಕ್ಕ, ಹೊರಟಿದ್ದು ನ್ಯಾಮತಿಯ ಮಗಳ ಮನೆಗೆ ಎಂದು ಕೇಳದೆಯೇ ಹೇಳಿ, ಈಗ ಅವನ ವಿಚಾರಣೆಗೆ ಇಳಿದಿದ್ದಳು.

"ರೇಸಿಂದು ಅಜ್ಜಿ. ಚಿಕ್ಕಮಗಳೂರ ಕಡೆ ಗುಡ್ಡದ ಮ್ಯಾಲೆ ಇತ್ತು. ಮೊದ್ಲು ಕೆರೆಯಾಗೆ ಈಜಬೇಕು, ಆಮೇಲೆ ಸೈಕಲ್ ತುಳೀಬೇಕು, ಆಮೇಲೆ ಓಡಬೇಕು."

"ಎಲ್ಲಾ ಒಬ್ರೇನಾ ಮಾಡಾದು?"

"ಒಬ್ರೇ."

"ಅಂಥಾದ್ದು ಯಾರು ಅಟ್ಟಿಸ್ಕಂಡು ಬಂದಿದ್ರಪ್ಪ?"

ಕಲ್ಲೇಶ ನಕ್ಕುಬಿಟ್ಟ. ಬೆಳಗಿನ ಚಳಿಗೆ ಒಡೆದಿದ್ದ ತುಟಿ ಚುರ್ರೆಂದಿತು. ಪದಕ ತೆಗೆದು ಜೇಬಿಗೆ ಹಾಕಿಕೊಂಡು ಕಿಟಕಿಯ ಕಡೆ ತಿರುಗಿದ.

ಅಟ್ಟಿಸಿಕೊಂಡು ಬಂದದ್ದು ಯಾರು ಎಂದು ಅವನಿಗೆ ಗೊತ್ತಿರಲಿಲ್ಲವೇ? ಹೊನ್ನಾಳಿ ಹತ್ತಿರದ ಆರೋಗ್ಯ ಕೇಂದ್ರವೊಂದರಲ್ಲಿ ಅವನು ಲ್ಯಾಬ್ ಟೆಕ್ನಿಷಿಯನ್. ಊರವರ ರಕ್ತವನ್ನೆಲ್ಲ ಪರೀಕ್ಷಿಸುವವನು ಒಂದು ದಿನ ಬೇಸರಕ್ಕೆ ತನ್ನದನ್ನೂ ಪರೀಕ್ಷಿಸಿಕೊಂಡು, ಸಕ್ಕರೆಯ ಅಂಕಿ ನೋಡಿ ದಂಗಾದ. ನಲವತ್ನಾಲ್ಕನೇ ವಯಸ್ಸಿನಲ್ಲಿ ನಡಿಗೆ ಶುರುವಾಯಿತು. ನಡಿಗೆ ಓಟವಾಯಿತು, ಓಟದ ಹಿಂದೆ ಸೈಕಲ್ಲು ಬಂತು. ಈಜು ಮೊದಲಿಂದಲೂ ಇತ್ತು; ತುಂಗಭದ್ರೆಯ ದಡದಲ್ಲಿ ಬೆಳೆದವರಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ಕೇಳಿದವರಿಗೆಲ್ಲ ಅವನು ಸಕ್ಕರೆಯ ಕಾರಣವನ್ನೇ ಹೇಳುತ್ತಿದ್ದ. ನಿಜವಾದ ಕಾರಣ ಖಾಲಿ ಮನೆ.

ಹೆಂಡತಿ ವಾಣಿಶ್ರೀ ಹೈಸ್ಕೂಲ್ ಟೀಚರು. ಅಮ್ಮನಿಗೆ ಹುಷಾರಿಲ್ಲ, ಸ್ವಲ್ಪ ದಿನ ಎಂದು ಎರಡು ವರ್ಷದ ಹಿಂದೆ ತವರೂರು ಜಗಳೂರಿಗೆ ವರ್ಗ ಮಾಡಿಸಿಕೊಂಡು ಹೋದಳು. ಅಮ್ಮನಿಗೆ ಹುಷಾರಾಯಿತು, ವಾಣಿ ಬರಲಿಲ್ಲ. ಜಗಳವಾಗಿದ್ದರೆ ಹಿರಿಯರು ಕೂತು ರಾಜಿ ಮಾಡಿಸುತ್ತಿದ್ದರು. ಜಗಳವೇ ಆಗಿರಲಿಲ್ಲ. ಮಕ್ಕಳಿದ್ದಿದ್ದರೆ ಅವರ ನೆಪದಲ್ಲಾದರೂ ನಾಲ್ಕು ಮಾತು ಇರುತ್ತಿದ್ದವು, ಅವರೂ ಇರಲಿಲ್ಲ. ವಾರಕ್ಕೊಮ್ಮೆ ಫೋನು: ಊಟ ಆಯ್ತಾ, ಆಯ್ತು, ಮಳೆ ಬಂತಾ, ಇಲ್ಲ. ಬಾ ಎಂದರೆ ಅವಳು ಏನಂದಾಳೋ ಎಂಬ ಹೆದರಿಕೆಯಲ್ಲಿ ಅವನು ಬಾ ಎನ್ನಲೇ ಇಲ್ಲ. ಕೊನೆಗೆ ಈ ರೇಸಿಗೆ ಹೆಸರು ಕೊಟ್ಟ ದಿನ ಒಂದು ಹರಕೆ ಕಟ್ಟಿಕೊಂಡ. ರೇಸಿನವರು ಹೇಳಿದ ಸಮಯದೊಳಗೆ ಮುಗಿಸಿದರೆ ಅವಳನ್ನು ಕರೆಯುವುದು. ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರುವುದು. ಕಟ್ಟಿಕೊಂಡ ಹೆಂಡತಿಯನ್ನು ಮನೆಗೆ ಕರೆಯಲು ಐವತ್ತು ಕಿಲೋಮೀಟರ್ ಸುತ್ತು ಹಾಕಿದ ಗಂಡಸು ನಮ್ಮ ಸೀಮೆಯಲ್ಲಿ ಇನ್ನೊಬ್ಬನಿರಲಾರ.

ಹಿಂದೆ ಅವನು ಮಾಡಿದ್ದು ಒಂದೇ ರೇಸು, ಅದೂ ಬಯಲುಸೀಮೆಯ ಬೆಚ್ಚನೆಯ ಈಜುಕೊಳದಲ್ಲಿ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಅನ್ನುತ್ತಾರೆ. ಅಂದವರು ಡಿಸೆಂಬರಿನಲ್ಲಿ ಆ ಗುಡ್ಡದ ಕೆರೆಗೆ ಇಳಿದಿರಲಿಕ್ಕಿಲ್ಲ. ಎದೆ ಮುಚ್ಚುವಷ್ಟು ನೀರಿಗೆ ಬರುವ ಹೊತ್ತಿಗೆ ಕಲ್ಲೇಶನಿಗೆ ಉಸಿರು ಹಿಡಿದುಕೊಂಡಿತು. ಆದರೂ ಕೈ ಬೀಸಿದ. ದೂರದಲ್ಲಿ ತೇಲುತ್ತಿದ್ದ ಹಳದಿ ಬಲೂನನ್ನು ಸುತ್ತಿ ಬರಬೇಕಿತ್ತು. ಅವನು ತಪ್ಪಿದ್ದು ಅಲ್ಲಿಯೇ. ಹೊಳೆ ದಾಟುವವರು ಯಾರೂ ಎದುರಿನ ಗುರಿಗೆ ನೇರ ಈಜುವುದಿಲ್ಲ. ಸೆಳವು ಕೆಳಕ್ಕೆ ಎಳೆಯುತ್ತದೆಂದು ಗುರಿಗಿಂತ ಮೇಲಕ್ಕೆ ಓರೆಯಾಗಿ ಈಜುತ್ತಾರೆ. ಎಳೆದಷ್ಟೂ ಎಳೆದು ಹೊಳೆಯೇ ತಂದು ಸರಿಯಾದ ಜಾಗಕ್ಕೆ ಬಿಡುತ್ತದೆ. ಮೂವತ್ತೈದು ವರ್ಷದಿಂದ ರಟ್ಟೆಗೆ ಗೊತ್ತಿದ್ದದ್ದು ಅದೊಂದೇ. ನಿಂತ ನೀರಿನ ಕೆರೆಯಲ್ಲೂ ರಟ್ಟೆ ತನ್ನ ಪಾಡಿಗೆ ಓರೆಯಾಗಿಯೇ ಎಳೆಯಿತು. ಸೀಟಿ ಕೇಳಿ ತಲೆಯೆತ್ತಿದರೆ ಬಲೂನು ಎಲ್ಲೋ ಬಲಗಡೆ, ಉಳಿದವರೆಲ್ಲ ಆಗಲೇ ವಾಪಸು. ದೋಣಿಯಲ್ಲಿದ್ದವನು, "ಸಾರ್, ನೀವು ಎಲ್ಲಿಗೆ ಹೊರಟ್ರಿ?" ಎಂದು ಕೂಗುತ್ತಿದ್ದ.

ದಂಡೆಗೆ ಬಂದಾಗ ಅಲ್ಲಿ ಉಳಿದಿದ್ದದ್ದು ಅವನದೊಂದೇ ಸೈಕಲ್ಲು. ಬೆರಳು ಮರಗಟ್ಟಿ ಶೂ ಲೇಸು ಕಟ್ಟಲಾಗದೆ ಹಾಗೇ ಸಿಕ್ಕಿಸಿಕೊಂಡ. ಏರಿನಲ್ಲಿ ಮೈ ಕಾಯುತ್ತಿತ್ತು, ಇಳಿಜಾರಿನಲ್ಲಿ ಒದ್ದೆ ಬಟ್ಟೆಗೆ ಗಾಳಿ ಹೊಡೆದು ಹಲ್ಲು ಕಟಕಟ ಅನ್ನುತ್ತಿತ್ತು. ಓಟದ ಕೊನೆಯ ಮೂರು ಕಿಲೋಮೀಟರಿನಲ್ಲಿ ಹಿಂದೆ ಮುಂದೆ ಒಂದು ನರಪಿಳ್ಳೆ ಇಲ್ಲ. ದಾರಿ ತೋರಿಸುವ ಬಾಣದ ಬೋರ್ಡುಗಳನ್ನು ಒಬ್ಬ ಕಿತ್ತು ಜೀಪಿಗೆ ತುಂಬುತ್ತಿದ್ದ. ಇವನನ್ನು ಕಂಡು ಒಂದನ್ನು ಕೈಯಲ್ಲಿ ಎತ್ತಿ ಹಿಡಿದು, "ಹಿಂಗೇ ನೇರ ಸಾರ್" ಎಂದ. ಗೆರೆ ಮುಟ್ಟಿದಾಗ ಸಮಯ ಮೀರಿ ಹನ್ನೊಂದು ನಿಮಿಷವಾಗಿತ್ತು. ಮುಗಿಸಿದವರಿಗೆಲ್ಲ ಅವರವರ ಮನೆಯವರು ಶಾಲು ಹೊದಿಸಿ, ಕೆನ್ನೆ ತಿಕ್ಕಿ, ಫೋಟೊ ತೆಗೆಯುತ್ತಿದ್ದರು. ಇವನ ಕೊರಳಿಗೆ ಪದಕ ಹಾಕಿದ ಹುಡುಗಿ, "ತಗೊಳ್ಳಿ ಸಾರ್, ಹೇಗೂ ಉಳಿದಿವೆ" ಎಂದಳು. ಅವಳು ಒಳ್ಳೆ ಮನಸ್ಸಿನಿಂದಲೇ ಅಂದದ್ದು. ಆದರೂ ಕಲ್ಲೇಶನಿಗೆ ಅಲ್ಲೇ ಕೂತು ಅಳಬೇಕೆನಿಸಿತು.

"ಎಷ್ಟನೇ ನಂಬರು ಬಂದ್ಯಪ್ಪ?" ಭೀಮಕ್ಕ ಇನ್ನೂ ಬಿಟ್ಟಿರಲಿಲ್ಲ.

"ಕಡೇನೆ. ಟೈಮ್ ಮುಗುದ್ಮೇಲೆ ಬಂದೆ. ಲೆಕ್ಕಕ್ಕಿಲ್ಲ."

"ಮುಟ್ಟಿದ್ಯೋ ಇಲ್ಲೋ?"

"ಮುಟ್ಟಿದೆ."

"ಮುಟ್ಟಿದ್ಮೇಲೆ ಮುಗೀತು. ಅದಕ್ಯಾಕೆ ಮಕ ಹಿಂಗ್ ಮಾಡ್ಕಂಡು ಕುಂತೀಯ?" ಎಂದವಳೇ ಚೀಲ ಎತ್ತಿಕೊಂಡು, ನ್ಯಾಮತಿ ಇನ್ನೂ ಒಂದು ಮೈಲಿ ಇರುವಾಗಲೇ ಬಾಗಿಲ ಬಳಿ ಹೋಗಿ ನಿಂತಳು.

ಹೊನ್ನಾಳಿಯಲ್ಲಿ ಇಳಿದು, ಟಾಪಿನಿಂದ ಸೈಕಲ್ ಇಳಿಸಿಕೊಂಡು ಮನೆಗೆ ಬಂದವನು ಬೀಗ ತೆಗೆದು ಅಂಗಳದ ಕಟ್ಟೆಯ ಮೇಲೆ ಕೂತ. ಹರಕೆಯ ಪ್ರಕಾರ ಬಾಯಿ ಮುಚ್ಚಿಕೊಂಡಿರಬೇಕಿತ್ತು; ಆದರೆ ಅಜ್ಜಿಯ ಲೆಕ್ಕದಲ್ಲಿ ಮುಟ್ಟಿದ ಮೇಲೆ ಮುಗೀತು. ಒಳಗೆ ಹೋದರೆ ಧೈರ್ಯ ಹೋಗುತ್ತದೆಂದು ಅಲ್ಲಿಂದಲೇ ಫೋನು ಮಾಡಿದ. ಈ ಹೊತ್ತಿನಲ್ಲಿ ಯಾಕೆ ಎಂದು ವಾಣಿಗೆ ಗಾಬರಿಯಾಯಿತು. ಅವನು ರೇಸಿನ ಕಥೆ ಹೇಳಿದ. ಓರೆಯಾಗಿ ಈಜಿದ್ದನ್ನು ಹೇಳಿದಾಗ ಅವಳು ನಕ್ಕಳು. ಎಷ್ಟು ದಿನವಾಗಿತ್ತು ಆ ನಗು ಕೇಳಿ!

"ಕೆರೆಯಾಗೆ ಎಲ್ಲಿ ಸೆಳವು ಇರ್ತೈತ್ರೀ? ಹೊಳೆ ಮಂದಿ ನೀವು!"

"ವಾಣಿ," ಎಂದ. "ವಾಪಸ್ ಬಂದ್ಬಿಡು."

ಆ ಕಡೆ ಕುಕ್ಕರು ಎರಡು ಸಲ ಕೂಗಿತು. ಅವಳು ಹೋಗಿ ಆರಿಸಿ ಬಂದದ್ದು ಕೇಳಿಸಿತು.

"ಮೊದಲ್ನೇ ವರ್ಷ ದಿನಾ ಕಾಯ್ತಿದ್ದೆ ರೀ, ಇವತ್ತು ಕರೀತೀರಿ, ನಾಳೆ ಕರೀತೀರಿ ಅಂತ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನಾನು ಬೇಡ ಅಂತಿದ್ನಾ? ಈಗ ಇಲ್ಲೇ ರೂಢಿ ಆಗ್ಬಿಟ್ಟೈತಿ."

"ಹಂಗಾದ್ರೆ ಭಾನುವಾರ ನಾನೇ ಬರ್ಲಾ?" ಎಂದು ಕಲ್ಲೇಶ ಕೇಳಿದ.

"ಬರ್ರಿ, ಅದಕ್ಕೇನು," ಎಂದಳು ವಾಣಿ, ಬಹಳ ಪ್ರೀತಿಯಿಂದಲೇ. "ಊಟ ಮಾಡ್ಕಂಡು ಹೋಗೋರಂತೆ."

ಫೋನು ಇಟ್ಟು ಅವನು ಎದ್ದು, ಬ್ಯಾಗಿನಿಂದ ಒದ್ದೆ ಬಟ್ಟೆ ತೆಗೆದು ನಲ್ಲಿಯಡಿ ಹಿಂಡಿದ. ಕೆರೆಯ ಕೆಂಪು ನೀರು ಬಸಿಯಿತು. ಅಂಗಳದ ಹಗ್ಗ ಇಬ್ಬರ ಬಟ್ಟೆಗೆಂದು ಈ ಗೋಡೆಯಿಂದ ಆ ಗೋಡೆಯವರೆಗೆ ಉದ್ದಕ್ಕೆ ಕಟ್ಟಿದ್ದು. ಚಡ್ಡಿ, ಬನಿಯನ್ನು, ಎರಡು ಕಾಲುಚೀಲ, ಟವೆಲ್ಲು. ಎಲ್ಲವನ್ನೂ ಒತ್ತೊತ್ತಾಗಿ ಹಗ್ಗದ ಈ ತುದಿಯಲ್ಲೇ ಹರವಿ, ಒಳಗೆ ಹೋಗಿ ದೀಪ ಹಾಕಿದ.