ಅವ್ವನಿಗೆ ಹಾಕಿದ ಸೂಜಿ

ಮೊಣಕಾಲು ನೋವಿಗೆಂದು ಅವ್ವ ಗುರುಬಸಮ್ಮನ ತೋಳಿಗೆ ಸೂಜಿ ಹಾಕಿ ಮುಗಿದ ಮೇಲೆಯೇ ಸೀಸೆಯ ಚೀಟಿ ಓದಿಸಬೇಕೆಂದು ಸಿದ್ದಲಿಂಗೇಶನಿಗೆ ಹೊಳೆದದ್ದು. ಆದೋನಿಯ ಹತ್ತಿ ದಲಾಲಿಯಾದ ಅವನಿಗೆ ಇಂಗ್ಲಿಷು ಬರುತ್ತಿತ್ತು. ಆದರೆ ಅಕ್ಷರ ಸಾಸಿವೆಗಿಂತ ಸಣ್ಣವು. ಬಯೋಕೆಮಿಸ್ಟ್ರಿ ಓದುವ ಮಗಳು ಭುವನಾ ಓದಿದಳು: ಸಂಶೋಧನೆಗೆ ಮಾತ್ರ, ಮನುಷ್ಯರಿಗಲ್ಲ.

"ಯಾರು ಕೊಟ್ರಪ್ಪ ಇದನ್ನ?"

"ಜಿಮ್ಮಿನ ಮಾಸ್ಟರು. ನನ್ನ ಭುಜದ ನೋವಿಗೆ. ಪೆಪ್ಟೈಡ್ ಅಂದ. ಏನು ಹಂಗಂದ್ರ?"

"ಅಮಿನೊ ಆಮ್ಲ ಅಂತ ಇರ್ತಾವ, ಮಣಿ ಅಂದ್ಕೋ. ಉದ್ದಕ ಪೋಣಿಸಿದ್ರ ಪ್ರೋಟೀನು, ಗಿಡ್ಡಕ ಪೋಣಿಸಿದ್ರ ಪೆಪ್ಟೈಡು. ಒಂದು ಮಣಿ ಬ್ಯಾರೆ ಬಿದ್ರ ಕೆಲಸಾನೂ ಬ್ಯಾರೆ. ಇನ್ಸುಲಿನ್ನೂ ಇದೇ ಜಾತಿ."

"ಮತ್ತ? ನಿಮ್ಮ ತಾತಗ ಕಡೀತನಕ ನಾನೇ ಹಾಕ್ತಿದ್ದೆನಲ್ಲ."

"ಅದನ್ನ ಮನುಷ್ಯಾರಿಗೆ ಕೊಟ್ಟು ನೋಡ್ಯಾರ. ಇದನ್ನ ಇಲಿಗೆ ಕೊಟ್ಟು ನೋಡ್ಯಾರ. ನೀ ಹಾಕ್ಕೊಂಡಿಯೇನು?"

ಅವನು ಗೋಡೆಯ ಕಡೆ ನೋಡಿದ. ತನಗೆ ಚುಚ್ಚಿಕೊಳ್ಳಲು ಧೈರ್ಯ ಸಾಲದೆ, ಡಾಕ್ಟರು ಕೊಟ್ಟದ್ದೆಂದು ಹೇಳಿ ಮೊದಲು ಅವ್ವನಿಗೆ ಹಾಕಿದ್ದ.

"ಅವ್ವಗ," ಎಂದ. ಅವಸರದಲ್ಲಿ ಫೋನು ತೆಗೆದ. "ಲ್ಯಾಬಿನ ಸರ್ಟಿಫಿಕೇಟ್ ಐತಿ ನೋಡು. ಶುದ್ಧ ಅಂತ ಬರದಾರ."

"ಇದು ಯಾವ ಸೀಸೆದಪ್ಪ? ಈ ಸೀಸೆದೇ?"

ಲ್ಯಾಬಿಗೆ ಹೋಗುವ ಹತ್ತಿ ಯಾವುದೆಂದು ಸಿದ್ದಲಿಂಗೇಶನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ರಾಶಿಯಲ್ಲಿ ಬೆಳ್ಳಗಿದ್ದ, ಎಳೆ ಉದ್ದವಿದ್ದ ಒಂದು ಹಿಡಿ ಆರಿಸಿ ಕಳಿಸುತ್ತಿದ್ದವನು ಅವನೇ. ಸರ್ಟಿಫಿಕೇಟು ಆ ಹಿಡಿಯದು. ಹಿಂದೆ ಬರುವ ಲಾರಿಯಲ್ಲಿ ಹಸಿ, ಕಸ, ಕಲ್ಲು ಎಲ್ಲ ಇರುತ್ತಿದ್ದವು. ಈ ವ್ಯಾಪಾರ ಮಾಡುವವನು ಜಗತ್ತಿನಲ್ಲಿ ತಾನೊಬ್ಬನೇ ಎಂದು ಇಷ್ಟು ದಿನ ಯಾಕೆ ನಂಬಿದ್ದನೋ.

ಅಷ್ಟರಲ್ಲಿ ಗುರುಬಸಮ್ಮ ದಡದಡ ನಡೆದು ಬಂದಳು, ಹಿಂದೆ ಪಕ್ಕದ ಮನೆಯ ಉಚ್ಚಮ್ಮ.

"ಕಾಲು ಹಗರಾಗ್ಯಾವ ಸಿದ್ದು. ಈಕಿಗೂ ಒಂದು ಹಾಕು."

ಉಚ್ಚಮ್ಮ ಆಗಲೇ ರವಿಕೆಯ ತೋಳು ಮೇಲೇರಿಸಿದ್ದಳು. "ಏಮಪ್ಪಾ, ಡಾಕ್ಟರ ಔಷಧ ನಿಮ್ಮವ್ವಗಷ್ಟೇ ಏನು? ನನ್ನವೂ ಮೊಣಕಾಲೇ."

ಅವ್ವನ ತೋಳಿನಲ್ಲಿ ಸೂಜಿ ಚುಚ್ಚಿದ ಜಾಗ ಕೆಂಪಗೆ ಉಬ್ಬಿತ್ತು. ಆಕೆ ಅದನ್ನು ಕೆರೆದುಕೊಂಡು, "ಸೊಳ್ಳಿ ಕಡದೈತಿ," ಎಂದಳು.

ಉಚ್ಚಮ್ಮ ಕಾಯುತ್ತಿದ್ದಳು. ಸೀಸೆ ಅವನ ಅಂಗೈಯಲ್ಲಿತ್ತು. ಏನಾದರೊಂದು ಹೇಳಿ ಕಳಿಸಬಹುದಿತ್ತು. ಸುಳ್ಳು ಅವನ ಕಸುಬಿಗೆ ಹೊಸದಲ್ಲ. ಆದರೆ ಅವ್ವನ ತೋಳಿನ ಆ ಕೆಂಪು ಬಾವು ಕಣ್ಣೆದುರಿಗೇ ಇತ್ತು.

"ಡಾಕ್ಟರು ಕೊಟ್ಟಿದ್ದಲ್ಲವ್ವ ಇದು."

"ಮತ್ತ ಏನು?"

"ಗೊತ್ತಿಲ್ಲ."

ಉಚ್ಚಮ್ಮ ಮೆಲ್ಲಗೆ ತೋಳು ಇಳಿಸಿಕೊಂಡಳು. ಗುರುಬಸಮ್ಮ ತನ್ನ ತೋಳನ್ನು ಯಾರದೋ ತೋಳೆಂಬಂತೆ ನೋಡಿದಳು.

"ನಿನಗೂ ಗೊತ್ತಿಲ್ಲದ್ದನ್ನ ನನ್ನೊಳಗ ಇಟ್ಟಿಯೇನಪ್ಪ?"

ಭುವನಾ ಆಟೊ ಕರೆದಳು. ಆಸ್ಪತ್ರೆಯಲ್ಲಿ ಏನು ಹಾಕಿದ್ದೆಂದು ಕೇಳುತ್ತಾರೆ. ಅದಕ್ಕಾಗಿ ಅವನು ಸೀಸೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡ. ಮೆಟ್ಟಿಲ ಹತ್ತಿರ ಅವ್ವನ ಮೊಣಕಾಲು ಮತ್ತೆ ನಡುಗಿತು. ಅವನು ಕೈ ಚಾಚಿದ. ಆಕೆ ಆ ಕೈಯನ್ನು ನೋಡಿ, ಮೊಮ್ಮಗಳ ಹೆಗಲು ಹಿಡಿದು ಇಳಿದಳು.